ಗುರುವಿನ ಹೆಸರು, ಪತ್ತೇದಾರನ ಕಣ್ಣು: ಧ್ಯಾನ ಶಿಬಿರಕ್ಕೆ ಸೇರುವ ಮುನ್ನ ಏನೇನು ನೋಡಬೇಕು?

ತುಂಗಾತೀರ, ಶಿವಮೊಗ್ಗ

ಅಡಿಕೆ ಕೊಯ್ಲು ಮುಗಿಯುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯ ಹೋಂಸ್ಟೇಗಳಿಂದ ಧ್ಯಾನ ಶಿಬಿರದ ಪೋಸ್ಟರುಗಳು ವಾಟ್ಸಾಪಿನಲ್ಲಿ ಸುತ್ತಲು ಶುರುವಾಗುತ್ತವೆ. ಮೂರು ದಿನದ್ದು, ಐದು ದಿನದ್ದು, ಹತ್ತು ದಿನದ್ದು. "ಈ ಗುರುಗಳು ಹೇಗೆ?" ಎಂದು ಯಾರಾದರೂ ಕೇಳಿದರೆ ಎರಡೇ ಬಗೆಯ ಉತ್ತರ. ಒಬ್ಬರು "ಕಣ್ಣು ಮುಚ್ಚಿಕೊಂಡು ಹೋಗಿ" ಅಂತಾರೆ. ಇನ್ನೊಬ್ಬರು "ಎಲ್ಲರೂ ಅಷ್ಟೇ, ಆ ಸೀರೀಸ್ ನೋಡಿಲ್ವಾ?" ಅಂತಾರೆ. ಕೇಳಿದವರಿಗೆ ಎರಡರಿಂದಲೂ ಉಪಯೋಗವಿಲ್ಲ.

ಹಾಗಾಗಿ ಈ ಚರ್ಚೆಯಲ್ಲಿ ಎಲ್ಲರೂ ಸೇರಿ ಎರಡು ವಿಷಯ ಬರೆಯೋಣ, ಬರಹದ ಮೇಲೆ ನಿಮ್ಮ ನಿಮ್ಮ ಅಡ್ಡಹೆಸರು ಇರಲಿ. ಒಬ್ಬ ಧ್ಯಾನಗುರುವಿನ ಹೆಸರನ್ನು ಸಾಕ್ಷ್ಯ ಇಟ್ಟುಕೊಂಡು ಪರಿಶೀಲಿಸುವುದು ಹೇಗೆ? ಈಚಿನ ಪತ್ತೇದಾರಿ ಸರಣಿಗಳಲ್ಲಿ ಯಾವುದು ಇಂಥ ತನಿಖೆಯನ್ನು ಸರಿಯಾಗಿ ತೋರಿಸಿದೆ, ಯಾವುದು ದಾರಿ ತಪ್ಪಿಸಿದೆ? "ನಮ್ಮ ಅನುಭವದಲ್ಲಿ" ಎಂಬ ಕಥೆ ಬೇಡ, ಇನ್ನೊಬ್ಬರು ಮಾಡಿ ನೋಡಬಹುದಾದ್ದನ್ನು ಬರೆಯಿರಿ.

ಕಡತ, ಸಾಗರ

ಮೊದಲು ಕೋರ್ಟ್ ದಾಖಲೆ ನೋಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸ್ ಸ್ಟೇಟಸ್ ತೆರೆದು ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಆರಿಸಬೇಕು. ಬಹಳ ಜನ ಎಡವುವುದು ಇಲ್ಲೇ. ಶಿವಮೊಗ್ಗ ಒಂದನ್ನು ಹುಡುಕಿ "ಏನೂ ಇಲ್ಲ" ಎಂದು ಮುಚ್ಚಿಬಿಡುತ್ತಾರೆ. ಸಾಗರ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ, ಹೊಸನಗರ ಎಲ್ಲವನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಪಾರ್ಟಿ ನೇಮ್ ಜಾಗದಲ್ಲಿ ಕನಿಷ್ಠ ಮೂರು ಅಕ್ಷರ ಹಾಕಿ, ವರ್ಷಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗಿ. "ಪೆಂಡಿಂಗ್" (ನಡೆಯುತ್ತಿರುವುದು) ಜೊತೆಗೆ "ಡಿಸ್ಪೋಸ್ಡ್" (ಮುಗಿದದ್ದು) ಕೂಡ ನೋಡಿ.

ಎರಡನೇ ತಪ್ಪು ಹೆಸರಿನದ್ದು. ದೀಕ್ಷೆಯ ಹೆಸರಿನಲ್ಲಿ ಕೇಸು ಸಿಗದೇ ಇರಬಹುದು, ಏಕೆಂದರೆ ಜಮೀನಿನ ಪಹಣಿ, ಬ್ಯಾಂಕ್ ಖಾತೆ ಎಲ್ಲ ಪೂರ್ವಾಶ್ರಮದ ಹೆಸರಿನಲ್ಲಿರುತ್ತವೆ. ಟ್ರಸ್ಟಿನ ಹೆಸರು, ಟ್ರಸ್ಟಿಗಳ ಹೆಸರು, ಪೂರ್ವಾಶ್ರಮದ ಹೆಸರು ಮೂರನ್ನೂ ಹಾಕಿ. "ಸ್ವಾಮಿ" ಎಂಬ ಪದಕ್ಕೇ ಇಂಗ್ಲಿಷಿನಲ್ಲಿ ಎರಡು ಸ್ಪೆಲ್ಲಿಂಗ್ ಇವೆ, ಎರಡನ್ನೂ ಹಾಕಿ ನೋಡಿ.

ಸಿಕ್ಕಿದ್ದನ್ನು ಓದುವ ಕ್ರಮವೂ ಇದೆ. ಒ.ಎಸ್. ಅಂದರೆ ಸಿವಿಲ್ ದಾವೆ. ತೋಟದ ಪಾಲು, ದಾರಿಯ ಜಗಳ, ನೀರಿನ ಕಾಲುವೆಯ ತಕರಾರು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವಂಥದ್ದು, ಅದನ್ನು ಕಳಂಕ ಎನ್ನಲು ಬರುವುದಿಲ್ಲ. ಸಿ.ಸಿ. ಅಂದರೆ ಮ್ಯಾಜಿಸ್ಟ್ರೇಟ್ ಮುಂದಿರುವ ಕ್ರಿಮಿನಲ್ ಪ್ರಕರಣ, ಎಸ್.ಸಿ. ಅಂದರೆ ಸೆಷನ್ಸ್. ಕ್ರಿಮಿನಲ್ ಮಿಸಲೇನಿಯಸ್‌ನಲ್ಲಿ ಜಾಮೀನು ಅರ್ಜಿಗಳು ಇರುತ್ತವೆ. ಆರೋಪಪಟ್ಟಿ ಬರುವ ಮೊದಲೇ ನಿರೀಕ್ಷಣಾ ಜಾಮೀನಿಗೆ ಓಡಿದ್ದು ಕಣ್ಣಿಗೆ ಬೀಳುವುದು ಅಲ್ಲಿ. ಹೈಕೋರ್ಟಿನದ್ದನ್ನು ಬೇರೆಯಾಗಿ ಹುಡುಕಬೇಕು.

ಕವಲೇದುರ್ಗ

ಕಡತದವರು ಬರೆದದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಏನೂ ಸಿಗದಿದ್ದರೆ "ಶುದ್ಧ" ಎಂದು ಅರ್ಥ ಅಲ್ಲ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು, ಆದರೆ ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಗುರುಗಳ ಮೇಲೆ ಬರುವ ಗಂಭೀರ ದೂರುಗಳಲ್ಲಿ ಹಲವು ಆ ಗುಂಪಿನವೇ.

ಸೋಗ್ಯಾಲ್ ರಿಂಪೋಚೆ ವಿಷಯ ನೋಡಿ. ಟಿಬೆಟನ್ ಧ್ಯಾನದಲ್ಲಿ ಜಗತ್ತಿನಾದ್ಯಂತ ಹೆಸರಿದ್ದ ಗುರು, ದಶಕಗಳ ಕಾಲ ಗೌರವ. 2017ರ ಜುಲೈನಲ್ಲಿ ಅವರದೇ 8 ಹಿರಿಯ ಶಿಷ್ಯರು ಒಟ್ಟಾಗಿ ಪತ್ರ ಬರೆದು ಹೊಡೆತ, ಲೈಂಗಿಕ ಶೋಷಣೆ, ದುಂದಿನ ಬಗ್ಗೆ ಹೇಳಿದರು. ಸಂಸ್ಥೆ ಹೊರಗಿನ ಕಾನೂನು ಸಂಸ್ಥೆಯೊಂದರಿಂದ ತನಿಖೆ ಮಾಡಿಸಿತು. 2018ರ ಸೆಪ್ಟೆಂಬರಿನಲ್ಲಿ ಬಂದ ಆ ವರದಿ ಬಹುಪಾಲು ಆರೋಪಗಳನ್ನು ಎತ್ತಿಹಿಡಿಯಿತು. 2019ರಲ್ಲಿ ಅವರು ತೀರಿಕೊಂಡರು, ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆ ಆಗಲೇ ಇಲ್ಲ. ಕೋರ್ಟ್ ದಾಖಲೆ ಒಂದನ್ನೇ ನಂಬಿದವರಿಗೆ ಇದು ಕಾಣುತ್ತಲೇ ಇರಲಿಲ್ಲ.

ಆದ್ದರಿಂದ ಬಿಟ್ಟುಹೋದವರನ್ನು ಕೇಳಿ. ಶಿಬಿರದವರೇ ಕೊಡುವ ಫೋನ್ ನಂಬರು ಈಗ ಇರುವ ಶಿಷ್ಯರದ್ದು. ಐದಾರು ವರ್ಷ ಅಡುಗೆ, ಲೆಕ್ಕ, ಬುಕಿಂಗ್ ನೋಡಿಕೊಂಡು ಆಮೇಲೆ ಬಿಟ್ಟವರು ಸಿಕ್ಕರೆ "ಯಾಕೆ ಬಿಟ್ಟಿರಿ" ಎಂದು ಮಾತ್ರ ಕೇಳಬೇಡಿ. "ಬಿಟ್ಟ ಮೇಲೆ ಅವರು ನಿಮ್ಮನ್ನು ಹೇಗೆ ನಡೆಸಿಕೊಂಡರು" ಎಂದೂ ಕೇಳಿ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಒಂದೇ ವಿವರ ಹೇಳಿದರೆ ಅದಕ್ಕೆ ತೂಕ ಬರುತ್ತದೆ.

ಹೊಸನಗರದ ಓದುಗ

ಧ್ಯಾನಗುರು, ಪತ್ತೇದಾರಿ ಸರಣಿ ಎರಡೂ ಒಂದೇ ಕಡೆ ಸೇರುವ ಜಾಗ ಬೇಕಿದ್ದರೆ ಅಮೆರಿಕದ ಟಿವಿ ಸರಣಿ 'ಟ್ವಿನ್ ಪೀಕ್ಸ್'. 1990ರಲ್ಲಿ ಶುರುವಾದದ್ದು, ಆದರೆ 2017ರಲ್ಲಿ 18 ಕಂತುಗಳಾಗಿ ಮತ್ತೆ ಬಂತು, ಹಾಗಾಗಿ ಈಚಿನದು ಎಂದೇ ಲೆಕ್ಕ ಹಾಕಬಹುದು. ಅದನ್ನು ಮಾರ್ಕ್ ಫ್ರಾಸ್ಟ್ ಜೊತೆ ಸೇರಿ ಮಾಡಿದ ಡೇವಿಡ್ ಲಿಂಚ್ 1973ರಿಂದ ಮಹರ್ಷಿ ಮಹೇಶ ಯೋಗಿಯವರ ಅತೀಂದ್ರಿಯ ಧ್ಯಾನ ಮಾಡುತ್ತಿದ್ದವರು. ದಿನಕ್ಕೆರಡು ಸಲ, ಸಲಕ್ಕೆ 20 ನಿಮಿಷ ಕೂತು ಮಂತ್ರ ಜಪಿಸುವ ಪದ್ಧತಿ ಅದು. 2005ರಲ್ಲಿ ಅದನ್ನು ಹರಡಲು ಪ್ರತಿಷ್ಠಾನವನ್ನೇ ಕಟ್ಟಿದರು. 2025ರ ಜನವರಿಯಲ್ಲಿ ತೀರಿಕೊಂಡರು.

ಆ ಸರಣಿಯ ಎಫ್‌ಬಿಐ ಏಜೆಂಟ್ ಕೂಪರ್, ಶಂಕಿತರ ಹೆಸರು ಒಂದೊಂದಾಗಿ ಹೇಳಿಸಿ ದೂರದ ಬಾಟಲಿಗೆ ಕಲ್ಲು ಎಸೆಯುತ್ತಾನೆ. ಬಾಟಲಿ ಒಡೆದ ಹೆಸರಿನ ಮೇಲೆ ಕಣ್ಣಿಡುತ್ತಾನೆ. ಅಭಿಮಾನಿಗಳಲ್ಲಿ ಅರ್ಧ ಜನಕ್ಕೆ ಅದೇ ಅತ್ಯುತ್ತಮ ದೃಶ್ಯ, ಇನ್ನರ್ಧಕ್ಕೆ ಅದು ತನಿಖೆಗೆ ಮಾಡಿದ ಅವಮಾನ. ನನ್ನ ಮಟ್ಟಿಗೆ ಅದು ಚೆನ್ನಾದ ದೃಶ್ಯ, ಏಕೆಂದರೆ ಕಲ್ಲು ಬಿದ್ದ ಹೆಸರನ್ನು ಕೂಪರ್ ಬಂಧಿಸುವುದಿಲ್ಲ, ಹೋಗಿ ವಿಚಾರಿಸುತ್ತಾನೆ. ಒಳಗಿನ ಹೊಳಹು ಎಲ್ಲಿ ಹುಡುಕಬೇಕು ಎಂದಷ್ಟೇ ಹೇಳುತ್ತದೆ.

ವರದಾಮೂಲ

ಮಾರಾಯ್ರೆ, ಮಹರ್ಷಿಯವರ ಹೆಸರು ಎತ್ತಿದ ಮೇಲೆ 1968 ಬಿಟ್ಟರೆ ಹೇಗೆ? ಇಂಗ್ಲೆಂಡಿನ ಸಂಗೀತ ತಂಡ ಬೀಟಲ್ಸ್‌ನವರು ಫೆಬ್ರವರಿಯಲ್ಲಿ ರಿಷಿಕೇಶದ ಅವರ ಆಶ್ರಮಕ್ಕೆ ಬಂದರು. ಏಪ್ರಿಲ್ ಹೊತ್ತಿಗೆ ತಂಡದ ಲೆನನ್, ಹ್ಯಾರಿಸನ್ ಇಬ್ಬರೂ ಬೇಸರದಿಂದ ಹೊರಟರು. ಮಹರ್ಷಿ ಶಿಷ್ಯೆಯೊಬ್ಬಳ ಜೊತೆ ಅನುಚಿತವಾಗಿ ನಡೆದುಕೊಂಡರು ಎಂಬ ಸುದ್ದಿ ಆಶ್ರಮದಲ್ಲಿ ಹರಡಿತ್ತು. ಅದು ಎಂದೂ ಸಾಬೀತಾಗಲಿಲ್ಲ. ಹ್ಯಾರಿಸನ್ 1992ರಲ್ಲಿ ಮಹರ್ಷಿಯವರ ಬೆಂಬಲಿಗರ ರಾಜಕೀಯ ಪಕ್ಷಕ್ಕಾಗಿ ಲಂಡನ್ನಿನಲ್ಲಿ ಸಂಗೀತ ಕಛೇರಿ ಕೊಟ್ಟರು. 2009ರಲ್ಲಿ ಅದೇ ತಂಡದ ಮೆಕಾರ್ಟ್ನಿ, ರಿಂಗೋ ಇಬ್ಬರೂ ಲಿಂಚ್ ಪ್ರತಿಷ್ಠಾನದ ಸಹಾಯಾರ್ಥ ವೇದಿಕೆ ಹತ್ತಿದರು. ಆದರೂ ಇವತ್ತಿಗೂ ಮಹರ್ಷಿ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಆ ಗಾಳಿಸುದ್ದಿ. ಹೆಸರು ಕೆಡುವುದಕ್ಕೂ ಸಾಕ್ಷ್ಯ ಬೇಕು ಅಂತ ನಾವು ಒಪ್ಪಿಕೊಳ್ಳದಿದ್ದರೆ ಈ ಪರಿಶೀಲನೆಗೆ ಅರ್ಥವಿಲ್ಲ.

ಕಡತ, ಸಾಗರ

ಪೂರ್ತಿ ಒಪ್ಪಿದೆ. ಜೊತೆಗೆ ಇದೂ ಇರಲಿ: ಮೂವರು ಸಿನಿಮಾದವರು ಬಂದು ಹೂವಿನ ಹಾರ ಹಾಕಿದ್ದೂ ಸಾಕ್ಷ್ಯ ಅಲ್ಲ.

ಚೊಗರು, ತೀರ್ಥಹಳ್ಳಿ

ಸರಣಿಗಳ ಬಗ್ಗೆ ಬರೆಯುತ್ತೇನೆ. ಈಗ ಮಲೆನಾಡನ್ನು ಹಿನ್ನೆಲೆ ಮಾಡಿಕೊಂಡ ಕ್ರೈಂ ಕಥೆಗಳು ಹೆಚ್ಚುತ್ತಿವೆ. ಮಳೆ, ಮಂಜು, ಹೆಂಚಿನ ಮನೆ ಎಲ್ಲ ಚೆನ್ನಾಗಿ ತೆಗೆಯುತ್ತಾರೆ. ಆದರೆ ಸಾಕ್ಷ್ಯ ಎಲ್ಲೂ ಮಲೆನಾಡಿನದ್ದಲ್ಲ. ಪತ್ತೇದಾರ ಬಂದು ಕತ್ತಲಲ್ಲಿ ಏನೋ ಸಿಂಪಡಿಸುತ್ತಾನೆ, ಗೋಡೆ ನೀಲಿಯಾಗಿ ಹೊಳೆಯುತ್ತದೆ, "ಇದು ರಕ್ತ" ಅಂತಾನೆ.

ಅದು ಲ್ಯೂಮಿನಾಲ್. ರಕ್ತದ ಕಬ್ಬಿಣದಿಂದ ಹೊಳೆಯುತ್ತದೆ ನಿಜ, ಆದರೆ ತಾಮ್ರದಿಂದಲೂ ಹೊಳೆಯುತ್ತದೆ. ನಮ್ಮ ತೋಟದ ಮನೆಗಳಲ್ಲಿ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಏನು? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ದ್ರಾವಣ ಕಲಸಿದ ಡ್ರಮ್ಮು, ದೋಟಿ, ಕೊಟ್ಟಿಗೆಯ ಗೋಡೆ, ಔಷಧಿ ಹೊಡೆದವನ ಅಂಗಿ, ಎಲ್ಲವೂ ಲ್ಯೂಮಿನಾಲಿಗೆ ಹೊಳೆಯಬಹುದು. ಅದರ ಮೇಲೆ ಅಡಿಕೆ ಬೇಯಿಸಿದ ಚೊಗರು ನೆಲಕ್ಕೆ ಚೆಲ್ಲಿ ಒಣಗಿದ್ದರೆ ಕಲೆ ಕೆಂಪು ಕಂದು. ಬರಿಗಣ್ಣಿಗೂ ರಕ್ತದಂತೆಯೇ.

ಹಾಗಾದರೆ ಏನು ಮಾಡುತ್ತಾರೆ? ಕಲೆಯನ್ನು ಹತ್ತಿಯಲ್ಲಿ ಒರೆಸಿ ಮೊದಲು ಫಿನಾಲ್ಫ್‌ಥಲೀನ್ ಹನಿ ಹಾಕಬೇಕು, ಕಾಯಬೇಕು. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ಪೆರಾಕ್ಸೈಡ್ ಹಾಕಿದ ಕೂಡಲೇ ಗುಲಾಬಿ ಬಣ್ಣ ಬಂದರೆ ರಕ್ತ ಇರಬಹುದು. ಹಾಕುವ ಮೊದಲೇ ಗುಲಾಬಿಯಾದರೆ ಬೇರೆ ರಾಸಾಯನಿಕ. ಅಷ್ಟಾದರೂ "ಇರಬಹುದು" ಮಾತ್ರ. ಮನುಷ್ಯರ ರಕ್ತವೇ, ಯಾರದ್ದು ಎಂಬುದು ಪ್ರಯೋಗಾಲಯದಲ್ಲೇ ತೀರ್ಮಾನ ಆಗಬೇಕು. ಈ ಎರಡು ಹನಿಗಳ ನಡುವೆ ಕಾಯುವ ಹೊತ್ತನ್ನು ಒಂದೇ ಒಂದು ಸರಣಿ ತೋರಿಸಿದ್ದರೂ ನಾನು ಕೈ ಮುಗಿಯುತ್ತಿದ್ದೆ.

ಮಳೆಲೆಕ್ಕ, ಆಗುಂಬೆ

ಚೊಗರು ಅವರೇ, ಇಂಬಳ ಬಿಟ್ಟಿರಲ್ಲ! ಇಂಬಳ ಕಚ್ಚಿ ಬಿಟ್ಟ ಗಾಯದಿಂದ ಗಂಟೆಗಟ್ಟಲೆ ರಕ್ತ ಸೋರುತ್ತದೆ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಇರುತ್ತದೆ. ಮಳೆಗಾಲದಲ್ಲಿ ಕಾಡಿನ ದಾರಿ ಹಿಡಿದು ಬಂದವನ ಕಾಲುಚೀಲ, ಪಂಚೆಯ ಅಂಚು, ಜಗಲಿಯ ಮೆಟ್ಟಿಲು ಎಲ್ಲ ಕಡೆ ಮನುಷ್ಯರ ರಕ್ತವೇ, ಅವನದೇ ರಕ್ತ. ಯಾವ ಅಪರಾಧವೂ ಆಗಿರುವುದಿಲ್ಲ.

ಹೆಜ್ಜೆ ಗುರುತು ಕೂಡ ಹಾಗೇ. ಸರಣಿಗಳಲ್ಲಿ ಮರುದಿನ ಬಂದು ಅಚ್ಚು ತೆಗೆಯುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಕಂಡ ಕ್ಷಣ ಬೋಗುಣಿಯೋ ಬುಟ್ಟಿಯೋ ಕವುಚಿ ಹಾಕದಿದ್ದರೆ ಅರ್ಧ ಗಂಟೆಯಲ್ಲಿ ಕೆಸರು ಮಾತ್ರ. ಅಚ್ಚು ತೆಗೆಯುವ ಮುಂಚೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಬೇಕು. ಓರೆಯಾಗಿ ತೆಗೆದರೆ ಅಳತೆ ತಪ್ಪುತ್ತದೆ, ಕೋರ್ಟಿನಲ್ಲಿ ಬಿದ್ದುಹೋಗುತ್ತದೆ.

ಮೊಬೈಲ್ ಟವರ್ ಲೊಕೇಶನ್ ಎಂದು ನಕ್ಷೆಯಲ್ಲಿ ಕೆಂಪು ಚುಕ್ಕೆ ತೋರಿಸುವುದು ಇನ್ನೊಂದು ಸುಳ್ಳು. ಬೆಂಗಳೂರಿನಲ್ಲಿ ಟವರುಗಳು ಹತ್ತಿರ ಹತ್ತಿರ. ಘಟ್ಟದ ಮೇಲೆ ಒಂದೇ ಟವರು ನಾಲ್ಕಾರು ಹಳ್ಳಿಗೆ. ಅದು ಹೇಳುವುದು "ಈ ಕಣಿವೆಯಲ್ಲಿ ಎಲ್ಲೋ ಇದ್ದ" ಎಂದು. ಕರೆಂಟು ಹೋಗಿ ಟವರು ಮಲಗಿದರೆ ಅದೂ ಇಲ್ಲ.

ಹೊಸನಗರದ ಓದುಗ

ಪೊಲೀಸ್ ಕ್ರಮ ಸರಿಯಾಗಿ ತೋರಿಸಿದ್ದು ಅಂದರೆ 'ಡೆಲ್ಲಿ ಕ್ರೈಂ' ಮೊದಲ ಸೀಸನ್, 2019ರದ್ದು, 2012ರ ದೆಹಲಿ ಬಸ್ ಅತ್ಯಾಚಾರದ ತನಿಖೆಯ ಕಥೆ. ಮರುವರ್ಷ ಅಂತಾರಾಷ್ಟ್ರೀಯ ಎಮ್ಮಿ ಪಡೆಯಿತು. ಅಲ್ಲಿ ಯಾರಿಗೂ ದಿವ್ಯದೃಷ್ಟಿ ಇಲ್ಲ. ಗಾಡಿಗೆ ಡೀಸೆಲ್ ಇಲ್ಲ, ಠಾಣೆಯಲ್ಲಿ ಕರೆಂಟ್ ಇಲ್ಲ, ಆದರೂ ಒಂದೊಂದೇ ಬಸ್ಸು ಹುಡುಕುತ್ತಾರೆ.

ಉಳಿದ ಬಹಳಷ್ಟರಲ್ಲಿ ಕೊನೆಯ ಕಂತಿಗೆ ತಪ್ಪೊಪ್ಪಿಗೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಅದನ್ನೇ ಹೇಳುತ್ತಿತ್ತು, 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಅವನ ಮಾತಿನಿಂದ ವಸ್ತುವೊಂದು ಸಿಕ್ಕರೆ ಅಷ್ಟು ಭಾಗ ಮಾತ್ರ ನಿಲ್ಲುತ್ತದೆ. ನಾರ್ಕೋ ಪರೀಕ್ಷೆಯೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟದ್ದು 2010ರಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ.

ತುಂಗಾತೀರ, ಶಿವಮೊಗ್ಗ

ಗುರುಗಳನ್ನು ತೋರಿಸಿದ ಸರಣಿಗಳ ಬಗ್ಗೆ ಏನು ಹೇಳುತ್ತೀರಿ? 'ಸೇಕ್ರೆಡ್ ಗೇಮ್ಸ್' ಎರಡನೇ ಸೀಸನ್ನಿನಲ್ಲಿ ಪಂಕಜ್ ತ್ರಿಪಾಠಿ ಮಾಡಿದ ಗುರೂಜಿ, 'ಆಶ್ರಮ್'ನಲ್ಲಿ ಬಾಬಿ ಡಿಯೋಲ್.

ವರದಾಮೂಲ

'ಆಶ್ರಮ್' ಪತ್ತೇದಾರಿಯೇ ಅಲ್ಲ, ಬಾಬಾ ಎಂಥವನು ಎಂದು ನೋಡುಗರಿಗೆ ಬೇಗನೇ ಗೊತ್ತಾಗಿಬಿಡುತ್ತದೆ. ಗುರೂಜಿ ಪಾತ್ರ ಬೇರೆ ಮಟ್ಟದ್ದು. ಆತ ಕೂಗಾಡುವುದಿಲ್ಲ, ಗದರುವುದಿಲ್ಲ, ಎದುರಿಗಿದ್ದವನ ಗಾಯ ಎಲ್ಲಿದೆ ಎಂದು ಮೆಲ್ಲಗೆ ಕೇಳುತ್ತಾನೆ. ನಿಜವಾದ ಅಪಾಯ ಬರುವುದು ಹಾಗೆಯೇ. ಆದರೆ ಕಥೆ ಕೊನೆಗೆ ಅಣುಬಾಂಬಿಗೆ ಹೋಗಿ ನಿಲ್ಲುತ್ತದೆ. ಅಷ್ಟು ದೊಡ್ಡದಾದ ಮೇಲೆ ನೋಡಿದವರು ತಮ್ಮೂರಿನ ಶಿಬಿರಕ್ಕೆ ಅದನ್ನು ಹೋಲಿಸುವುದೇ ಇಲ್ಲ.

ನಿಜ ಘಟನೆ ಬೇಕಾದರೆ ಅಮೆರಿಕದ ಒರೆಗಾನ್, 1984. ರಜನೀಶರ ಆಶ್ರಮ ಇದ್ದ ಕೌಂಟಿಯ ದ ಡ್ಯಾಲಸ್ ಊರಿನಲ್ಲಿ 751 ಜನರಿಗೆ ಸಾಲ್ಮೊನೆಲ್ಲಾ ವಾಂತಿಭೇದಿ. 10 ಹೋಟೆಲುಗಳ ಸಲಾಡ್ ಕೌಂಟರಿನಲ್ಲಿ ರೋಗಾಣು ಬೆರೆಸಲಾಗಿತ್ತು. ನವೆಂಬರಿನ ಕೌಂಟಿ ಚುನಾವಣೆಯಲ್ಲಿ ಊರಿನವರು ಮತ ಹಾಕದಂತೆ ಮಾಡುವುದು ಉದ್ದೇಶ. ಮೊದಲ ತನಿಖೆಯಲ್ಲಿ ಆರೋಗ್ಯ ಅಧಿಕಾರಿಗಳು ಅಡುಗೆಯವರ ಕೈ ಶುಚಿಯತ್ತ ಬೆರಳು ತೋರಿಸಿದ್ದರು. 1985ರ ಸೆಪ್ಟೆಂಬರಿನಲ್ಲಿ ಆಪ್ತ ಕಾರ್ಯದರ್ಶಿ ಶೀಲಾ ಆಶ್ರಮ ಬಿಟ್ಟು ಹೋದರು. ಆಮೇಲೆ ರಜನೀಶರೇ ಪತ್ರಕರ್ತರ ಮುಂದೆ ಅವರ ಮೇಲೆ ಆರೋಪ ಹೊರಿಸಿದರು. ಪೊಲೀಸರು ಆಶ್ರಮದ ಪ್ರಯೋಗಾಲಯ ಶೋಧಿಸಿದಾಗ ಅಲ್ಲಿ ಸಿಕ್ಕ ರೋಗಾಣು, ರೋಗಿಗಳಿಂದ ತೆಗೆದ ರೋಗಾಣು ಒಂದೇ ತಳಿ. ಶೀಲಾ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ರಜನೀಶರ ಮೇಲೆ ಬಂದದ್ದು ವಲಸೆ ಕಾನೂನಿನ ಪ್ರಕರಣ, 4 ಲಕ್ಷ ಡಾಲರ್ ದಂಡ ತೆತ್ತು ದೇಶ ಬಿಟ್ಟರು. ವಿಷದ ಪ್ರಕರಣದಲ್ಲಿ ಅವರು ಆರೋಪಿಯಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಗುರುವಿನ ಉಪನ್ಯಾಸ ಎಷ್ಟು ಕೇಳಿದರೂ ಇದು ಗೊತ್ತಾಗುತ್ತಿರಲಿಲ್ಲ. ದುಡ್ಡು, ಅಡುಗೆಮನೆ, ಔಷಧಿ, ಗೇಟು ಯಾರ ಕೈಯಲ್ಲಿದೆ ಎಂದು ನೋಡಬೇಕು. ಶಿಬಿರಕ್ಕೆ ಹೋಗುವ ಮುನ್ನ ಗುರುವಿನ ಬಗ್ಗೆ ಎಷ್ಟು ವಿಚಾರಿಸುತ್ತೀರೋ ಅಷ್ಟೇ ಮ್ಯಾನೇಜರ್ ಬಗ್ಗೆ ವಿಚಾರಿಸಿ.

ಕಡತ, ಸಾಗರ

ದುಡ್ಡಿನ ಮಾತು ಬಂತಲ್ಲ. ಎಷ್ಟು, ಯಾವ ಖಾತೆಗೆ, ಯಾವ ಹೆಸರಿನ ರಸೀದಿ? ಟ್ರಸ್ಟಿನ ಶಿಬಿರ ಎಂದು ಹೇಳಿ ಕ್ಯೂಆರ್ ಕೋಡ್ ಒತ್ತಿದಾಗ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿ. ದಾನದ ತೆರಿಗೆ ವಿನಾಯಿತಿ, ಅಂದರೆ ಎಲ್ಲರೂ 80ಜಿ ಎನ್ನುವುದು, 2000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ. ಹಾಗಿದ್ದೂ "ಹತ್ತು ಸಾವಿರ ನಗದಾಗಿ ತನ್ನಿ, 80ಜಿ ಕೊಡುತ್ತೇವೆ" ಎನ್ನುವವರಿಗೆ ನಿಯಮ ಗೊತ್ತಿಲ್ಲ ಅಥವಾ ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಊಟ, ವಸತಿಯ ಶುಲ್ಕವನ್ನು ದಾನ ಎಂದು ಬರೆಯುವುದೂ ತಪ್ಪು.

ಹೋಲಿಕೆಗೆ ಒಂದು ಅಳತೆಗೋಲು ಬೇಕಿದ್ದರೆ ಸತ್ಯನಾರಾಯಣ ಗೋಯೆಂಕಾ ಪರಂಪರೆಯ ವಿಪಸ್ಸನ ನೋಡಿ. ಅವರು ಬರ್ಮಾದಲ್ಲಿ ಸಯಾಜಿ ಉ ಬಾ ಖಿನ್ ಬಳಿ ಕಲಿತು 1969ರಲ್ಲಿ ಭಾರತಕ್ಕೆ ಬಂದವರು, 2013ರಲ್ಲಿ ತೀರಿಕೊಂಡರು. 10 ದಿನದ ಶಿಬಿರಕ್ಕೆ ಶುಲ್ಕವಿಲ್ಲ. ಒಂದು ಶಿಬಿರ ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ 4ಕ್ಕೆ ಗಂಟೆ, ರಾತ್ರಿ 9:30ಕ್ಕೆ ದೀಪ ಆರುತ್ತದೆ. ಮೊದಲ ಮೂರು ದಿನ ಆನಾಪಾನ, ಅಂದರೆ ಉಸಿರು ಗಮನಿಸುವುದು, ನಾಲ್ಕನೇ ದಿನದಿಂದ ವಿಪಸ್ಸನ, ಅಂದರೆ ಮೈಯ ಸಂವೇದನೆ ಗಮನಿಸುವುದು. ಹತ್ತನೇ ದಿನದವರೆಗೆ ಮೌನ, ಆದರೆ ಆಚಾರ್ಯರ ಜೊತೆ, ವ್ಯವಸ್ಥಾಪಕರ ಜೊತೆ ಮಾತಾಡಬಹುದು. ಇದೆಲ್ಲ ಮೊದಲೇ ಬರೆದು ಕೊಟ್ಟಿರುತ್ತಾರೆ. ಪದ್ಧತಿ ನಿಮಗೆ ಒಗ್ಗಲಿ ಬಿಡಲಿ, ಯಾವ ಶಿಬಿರವೂ ವೇಳಾಪಟ್ಟಿ, ನಿಯಮ, ಹಣದ ವಿಷಯ ಮುಂಚೆಯೇ ಬರವಣಿಗೆಯಲ್ಲಿ ಕೊಡಬೇಕು ಎಂದು ಕೇಳುವುದು ತಪ್ಪಲ್ಲ.

ಬಿಳಿಕೋಟು, ಶಿವಮೊಗ್ಗ

ಆರೋಗ್ಯದ ಮಾತು ಯಾರೂ ಎತ್ತಲಿಲ್ಲ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಸ್ಕಿಜೋಫ್ರೀನಿಯಾ, ಬೈಪೋಲಾರ್ ಅಥವಾ ತೀವ್ರ ಖಿನ್ನತೆ ಹಿಂದೆ ಬಂದಿದ್ದವರಿಗೆ ದಿನಕ್ಕೆ ಹತ್ತು ಗಂಟೆಯ ಮೌನ ಧ್ಯಾನ ಸೂಕ್ತವಲ್ಲ. ನಿದ್ದೆ ಕಡಿಮೆಯಾಗುವುದೊಂದೇ ಸಾಕು, ಬೈಪೋಲಾರ್ ಇರುವವರಲ್ಲಿ ಉನ್ಮಾದ ಶುರುವಾಗಬಹುದು. ಒಳ್ಳೆಯ ಶಿಬಿರದ ಅರ್ಜಿಯಲ್ಲಿ ಮಾನಸಿಕ ಕಾಯಿಲೆ, ಈಗಿನ ಮಾತ್ರೆ, ಹಿಂದಿನ ಆಸ್ಪತ್ರೆ ದಾಖಲಾತಿ ಕೇಳುತ್ತಾರೆ. ಏನೂ ಕೇಳದೆ ದುಡ್ಡು ಕಟ್ಟಿಸಿಕೊಂಡರೆ ಅದು ದೊಡ್ಡ ಲೋಪ.

"ಧ್ಯಾನ ಶುರು ಮಾಡಿದ ಮೇಲೆ ಮಾತ್ರೆ ಬೇಡ" ಎನ್ನುವ ಗುರು ಎಷ್ಟೇ ದೊಡ್ಡವರಾಗಿರಲಿ, ಆ ಮಾತು ಕೇಳಬೇಡಿ. ಫಿಟ್ಸ್ ಮಾತ್ರೆ, ಲಿಥಿಯಂ, ಇನ್ಸುಲಿನ್ ಒಮ್ಮೆಗೇ ಬಿಟ್ಟರೆ ಜೀವಕ್ಕೇ ಬರುತ್ತದೆ. ಎರಡು ರಾತ್ರಿ ನಿದ್ದೆ ಬಾರದಿದ್ದರೆ, ಯಾರೋ ಮಾತಾಡಿದಂತೆ ಕೇಳಿದರೆ, ತಾನೇ ತಾನಲ್ಲ ಅನ್ನಿಸತೊಡಗಿದರೆ ಕೂರುವುದನ್ನು ನಿಲ್ಲಿಸಿ. ಹೊಟ್ಟೆತುಂಬ ಊಟ ಮಾಡಿ, ನಡೆದಾಡಿ, ಮನೆಗೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. "ಇದು ಸಾಧನೆಯ ಹಂತ, ತಡೆದುಕೊಳ್ಳಿ" ಎಂದು ಕೂರಿಸುವವರ ಕೈಗೆ ಯಾರನ್ನೂ ಬಿಡಬೇಡಿ.

ಕವಲೇದುರ್ಗ

ಅಕ್ಕ, ಇದನ್ನು ಮೊದಲೇ ಬರೆಯಬೇಕಿತ್ತು ನೀವು. ಹೆಣ್ಣುಮಕ್ಕಳಿಗೆ ಇನ್ನೊಂದು: 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಸ್ವಯಂಸೇವಕಿಯರು, ಸಂಬಳವಿಲ್ಲದೆ ಸೇವೆ ಮಾಡುವವರು ಕೂಡ ಅದರ ವ್ಯಾಪ್ತಿಗೆ ಬರುತ್ತಾರೆ. ದೂರಿಗೆ ಮೂರು ತಿಂಗಳ ಅವಧಿ. ಸಮಿತಿಯ ಅಧ್ಯಕ್ಷೆ ಯಾರು ಎಂದು ಫೋನಿನಲ್ಲೇ ಕೇಳಿ. "ನಮ್ಮಲ್ಲಿ ಅಂಥದ್ದೆಲ್ಲ ನಡೆಯುವುದಿಲ್ಲ" ಎಂಬುದು ಆ ಪ್ರಶ್ನೆಗೆ ಉತ್ತರವಲ್ಲ.

ಮಳೆಲೆಕ್ಕ, ಆಗುಂಬೆ

'ಶರ್ಲಾಕ್' ಬಗ್ಗೆ ಯಾರೂ ಬರೆಯಲಿಲ್ಲವಲ್ಲ? 2010ರಿಂದ 2017ರವರೆಗೆ 13 ಕಂತು. ಅದರ "ಮನದ ಅರಮನೆ" ಧ್ಯಾನದಿಂದ ಬರುತ್ತದಾ?

ಹೊಸನಗರದ ಓದುಗ

ಇಲ್ಲ. ಅದು ಹಳೆಯ ಗ್ರೀಕ್ ನೆನಪಿನ ತಂತ್ರ. ಗೊತ್ತಿರುವ ಮನೆಯ ಕೋಣೆ ಕೋಣೆಯಲ್ಲಿ ಒಂದೊಂದು ವಿಷಯ ಇಟ್ಟು, ಬೇಕಾದಾಗ ಮನಸ್ಸಿನಲ್ಲೇ ನಡೆದು ಹೋಗಿ ತೆಗೆಯುವುದು. ಪಟ್ಟಿ ನೆನಪಿಡಲು ಕೆಲಸ ಮಾಡುತ್ತದೆ. ಕೊಲೆಗಾರನನ್ನು ಹುಡುಕಿಕೊಡುವುದಿಲ್ಲ. ಮೊದಲ ಎರಡು ಸೀಸನ್ನಿನಲ್ಲಿ ಅವನು ಕೆಸರು, ನಖ, ಫೋನಿನ ಗೀರು ನೋಡುತ್ತಿದ್ದ. ನಾಲ್ಕನೆಯದರ ಹೊತ್ತಿಗೆ ನೋಡುವುದೇ ನಿಂತು ಎಲ್ಲವೂ ಅವನ ತಲೆಯೊಳಗೇ ನಡೆಯಿತು. ಅಭಿಮಾನಿಗಳು ಬೇಸರಪಟ್ಟದ್ದು ಸರಿಯಾಗಿದೆ.

ಗಮನ ಎಂಬುದನ್ನು ನಿಜವಾಗಿ ನೋಡಬೇಕಿದ್ದರೆ ಅಷ್ಟಾವಧಾನಕ್ಕೆ ಹೋಗಿ. ಒಬ್ಬ ಅವಧಾನಿಗೆ ಎಂಟು ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು. ನಿಷೇಧಾಕ್ಷರಿಯವರು ಅಕ್ಷರ ಅಕ್ಷರಕ್ಕೂ ತಡೆ ಹಾಕುತ್ತಾರೆ, ಸಂಖ್ಯಾಬಂಧದವರು ಎಲ್ಲೆಂದರಲ್ಲಿ ಅಂಕಿಗಳ ಚೌಕದ ಮನೆಯೊಂದರ ಅಂಕಿ ಕೇಳುತ್ತಾರೆ, ಅಪ್ರಸ್ತುತ ಪ್ರಸಂಗದವರಿಗೆ ಕೆಲಸವೇ ತಲೆಹರಟೆ. ಎಲ್ಲವೂ ಸಭೆಯ ಮುಂದೆ. ಅವಧಾನಿ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ವರದಾಮೂಲ

ಸಭೆಯ ಮುಂದೆ ಎಂದಿರಲ್ಲ, ಅದು ನಮ್ಮ ಜಿಲ್ಲೆಯದೇ ರೂಢಿ. ಅಲ್ಲಮ ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು, ಎರಡೂ ಶಿಕಾರಿಪುರ ತಾಲ್ಲೂಕು. ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ ಪ್ರಸಂಗ ಎಲ್ಲರಿಗೂ ಗೊತ್ತು. ಕೇಳಿದ್ದು ಅಪಮಾನ ಎಂದು ಅಕ್ಕ ಎದ್ದು ಹೋಗಲಿಲ್ಲ, ಒಂದೊಂದಕ್ಕೂ ಉತ್ತರ ಕೊಟ್ಟಳು. "ಗುರುಗಳನ್ನು ಪ್ರಶ್ನಿಸಬಾರದು" ಎಂದು ಸ್ವಾಗತದ ಮೇಜಿನಲ್ಲೇ ಹೇಳುವ ಶಿಬಿರದವರಿಗೆ ಇದನ್ನು ನೆನಪಿಸಿ.

ತುಂಗಾತೀರ, ಶಿವಮೊಗ್ಗ

ಎಲ್ಲರ ಮಾತು ಇಟ್ಟುಕೊಂಡು ಶಿಬಿರಕ್ಕೆ ಫೋನ್ ಮಾಡಿದಾಗ ಕೇಳಬೇಕಾದ್ದನ್ನು ಬರೆದುಕೊಂಡಿದ್ದೇನೆ: ರಸೀದಿ ಯಾರ ಹೆಸರಿನದ್ದು, ಅರ್ಜಿಯಲ್ಲಿ ಮಾತ್ರೆಗಳ ವಿವರ ಕೇಳುತ್ತೀರಾ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ಗಾಡಿ ಇರುತ್ತದಾ, ಮಧ್ಯದಲ್ಲಿ ಹೊರಡಬೇಕೆಂದರೆ ಬಿಡುತ್ತೀರಾ, ಫೋನ್ ತೆಗೆದಿಟ್ಟುಕೊಂಡರೆ ಮನೆಯವರು ಯಾವ ನಂಬರಿಗೆ ಮಾಡಬೇಕು. ಬಿಟ್ಟದ್ದಿದೆಯಾ?

ಚೊಗರು, ತೀರ್ಥಹಳ್ಳಿ

ಒಂದಿದೆ. ಮನೆಯವರಿಗೆ ಕೊಟ್ಟ ನಂಬರು ಮೊಬೈಲೋ ಲ್ಯಾಂಡ್‌ಲೈನೋ ಕೇಳಿ. ಮಳೆಗಾಲದ ಶಿಬಿರವಾದರೆ, ಕರೆಂಟ್ ಹೋದಾಗ ಆ ಜಾಗದಲ್ಲಿ ಯಾವ ಸಿಮ್ ಹಿಡಿಯುತ್ತದೆ ಎಂದೂ ಕೇಳಿಕೊಳ್ಳಿ.